ರೀಡ್-ಓನ್ಲಿ ಪೇಜಿಗೆ ಕರ್ನಲ್ ಬರೆದರೂ ಫಾಲ್ಟ್ ಬರುತ್ತಿಲ್ಲ

ರೀಡ್-ಓನ್ಲಿ (ಓದಲು ಮಾತ್ರ) ಎಂದು ಗುರುತು ಮಾಡಿದ ಮೆಮೊರಿ ಪೇಜಿಗೆ ನಿಮ್ಮ ಕರ್ನಲ್ ಬರೆದರೂ ಪೇಜ್ ಫಾಲ್ಟ್ (ಸಿಪಿಯು ತಡೆದು ಕೊಡುವ ದೋಷ) ಏಕೆ ಬರುತ್ತಿಲ್ಲ ಎಂದು ಕೇಳಿದ್ದೀರಿ. ಬಹುಶಃ ಸಿಪಿಯುವಿನ ನಿಯಂತ್ರಣ ರಿಜಿಸ್ಟರ್ ಸಿಆರ್0ರಲ್ಲಿ ಡಬ್ಲ್ಯೂಪಿ (ರೈಟ್ ಪ್ರೊಟೆಕ್ಟ್) ಬಿಟ್ ಆನ್ ಆಗಿಲ್ಲ. ಯೂಸರ್ ಪ್ರೋಗ್ರಾಂ ಬರೆದರೆ ಫಾಲ್ಟ್ ಬರುತ್ತದೆ, ಅದೇ ಪೇಜಿಗೆ ಕರ್ನಲ್ ಆರಾಮಾಗಿ ಬರೆಯುತ್ತದೆ ಅಂದಿರಲ್ಲ, ಅದೇ ಇದರ ಗುರುತು. ಎಕ್ಸ್86ರಲ್ಲಿ ಈ ಬಿಟ್ 0 ಇದ್ದರೆ, ಪೇಜ್ ಟೇಬಲ್ (ಪ್ರತಿ ಪೇಜಿನ ವಿಳಾಸ, ಅನುಮತಿಗಳ ಪಟ್ಟಿ) ರೀಡ್-ಓನ್ಲಿ ಎಂದರೂ, ಕರ್ನಲ್ ಮೋಡಿನ ಬರಹವನ್ನು ಸಿಪಿಯು ತಡೆಯುವುದೇ ಇಲ್ಲ.

ಮೊದಲು ಸಿಆರ್0 ಓದಿ, 16ನೇ ಬಿಟ್ ನೋಡಿ. 0 ಇದ್ದರೆ ಪೇಜಿಂಗ್ ಶುರು ಮಾಡುವ ಕಡೆಯೇ ಅದನ್ನೂ 1 ಮಾಡಿ. ಈ ರಿಜಿಸ್ಟರ್ ಕೋರ್‌ಗೊಂದು ಇರುತ್ತದೆ, ಹಾಗಾಗಿ ಉಳಿದ ಕೋರ್‌ಗಳು ಏಳುವ ಕೋಡಿನಲ್ಲೂ ಹಾಕಬೇಕು. ಜಾಸ್ತಿ ಜನ ಮರೆಯುವುದು ಇಲ್ಲೇ.

ಆಮೇಲೆ ಪೇಜ್ ಟೇಬಲ್ ಎಂಟ್ರಿ ಬದಲಿಸಿದ ತಕ್ಷಣ ಆ ವಿಳಾಸಕ್ಕೆ ಇನ್‌ವಿಎಲ್‌ಪಿಜಿ (ಟಿಎಲ್‌ಬಿಯಿಂದ ಆ ಪೇಜನ್ನು ಅಳಿಸುವ ಸೂಚನೆ) ಕೊಡಿ. ಇಲ್ಲದಿದ್ದರೆ ಟಿಎಲ್‌ಬಿಯಲ್ಲಿ, ಅಂದರೆ ಪೇಜ್ ಟೇಬಲ್ ಮಾಹಿತಿಯನ್ನು ಸಿಪಿಯು ಇಟ್ಟುಕೊಳ್ಳುವ ಕ್ಯಾಶಿನಲ್ಲಿ, ಹಳೆಯ ಅನುಮತಿಯೇ ಕೂತಿರಬಹುದು. ಸುಮ್ನೆ ಸಿಆರ್3 (ಪೇಜ್ ಟೇಬಲ್ ಎಲ್ಲಿದೆ ಎಂದು ಹೇಳುವ ರಿಜಿಸ್ಟರ್) ಮತ್ತೆ ತುಂಬಿದರೆ, ಗ್ಲೋಬಲ್ ಎಂದು ಗುರುತು ಮಾಡಿದ ಪೇಜುಗಳು ಟಿಎಲ್‌ಬಿಯಿಂದ ಹೋಗುವುದಿಲ್ಲ. ಇನ್‌ವಿಎಲ್‌ಪಿಜಿ ಕೂಡ ಅದೇ ಕೋರಿಗಷ್ಟೇ, ಬೇರೆ ಕೋರುಗಳಿಗೆ ಐಪಿಐ (ಒಂದು ಕೋರ್ ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್) ಕಳಿಸಬೇಕು.

ಈಗ ಕರ್ನಲ್‌ನಿಂದಲೇ ಆ ಪೇಜಿಗೆ ಒಂದು ಬೈಟ್ ಬರೆದು ನೋಡಿ. ಫಾಲ್ಟ್‌ನ ಎರರ್ ಕೋಡ್ 3, ಫಾಲ್ಟ್ ಆದ ವಿಳಾಸ ಇಡುವ ಸಿಆರ್2ರಲ್ಲಿ ನೀವು ಬರೆದ ವಿಳಾಸ ಬಂದರೆ ಸರಿಹೋಯಿತು.

ನಿಮ್ಮ ಮ್ಯಾಪಿಂಗ್ ಕೋಡ್ ನೋಡದೆ ಖಚಿತವಾಗಿ ಹೇಳುವುದು ಕಷ್ಟ. ಇಷ್ಟಾದರೂ ಫಾಲ್ಟ್ ಬರದಿದ್ದರೆ, ಆ ಜಾಗ 2 ಎಂಬಿ ಪೇಜಿನಲ್ಲಿ ಮ್ಯಾಪ್ ಆಗಿದೆಯಾ ನೋಡಿ. ಹಾಗಿದ್ದರೆ ಅಲ್ಲಿ ಕೆಳಗಿನ ಟೇಬಲ್ಲೇ ಇರುವುದಿಲ್ಲ, ಮೊದಲು ಅದನ್ನು 4 ಕೆಬಿ ಪೇಜುಗಳಾಗಿ ಒಡೆಯಬೇಕು.