ಇಸುಬು: ಮುಲಾಮು ನಿಲ್ಲಿಸಿದ ಕೂಡಲೇ ನವೆ ಮರಳುವುದೇಕೆ?

ಆರು ವರ್ಷಗಳಿಂದ ಮೊಣಕೈ ಮಡಿಕೆಯಲ್ಲೂ ಕಾಲಿನ ಹರಡಿನ ಮೇಲೂ ಇಸುಬು (ಎಕ್ಸಿಮಾ) ಇದೆ, ಮುಲಾಮು ಹಚ್ಚಿದರೆ ಮಾಯುತ್ತದೆ, ಬಿಟ್ಟರೆ ಹತ್ತೇ ದಿನಕ್ಕೆ ಮರಳುತ್ತದೆ, ಬದನೆಕಾಯಿ ಬಿಟ್ಟರೆ ವಾಸಿಯಾದೀತೇ ಎಂದು ಕೇಳಿದ್ದೀರಿ. ನಾನು ಮಂಡ್ಯದ ಪಕ್ಕದ ಹಳ್ಳಿಯವನು. ಹದಿನೆಂಟನೇ ವಯಸ್ಸಿನಿಂದ ಇದೇ ಕಾಯಿಲೆ ನನಗಿದೆ, ಈಗ 44 ವರ್ಷ. ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೆ ಸಾಸಿವೆ ಗಾತ್ರದ ರಕ್ತದ ಚುಕ್ಕೆಗಳನ್ನು ನೋಡಿ ಮನಸ್ಸು ಕುಗ್ಗಿದ ದಿನಗಳು ನನಗೂ ಇದ್ದವು.

ನಮ್ಮಂಥವರ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಣಗಿ ಬಿರಿದ ಚರ್ಮ ನವೆಯಾಗುತ್ತದೆ, ಕೆರೆದರೆ ಇನ್ನಷ್ಟು ಬಿರಿಯುತ್ತದೆ, ಆಗ ನವೆ ಇಮ್ಮಡಿಯಾಗುತ್ತದೆ. ಇದು ತಿಳಿಯದೆ ನಾನು ವರ್ಷಗಟ್ಟಲೆ ಅವ್ವ ಬೇವಿನ ಸೊಪ್ಪು ಹಾಕಿ ಕಾಯಿಸಿದ ಹಂಡೆಯ ಸುಡು ನೀರನ್ನು ಹರಡಿನ ಮೇಲೆ ಸುರಿದುಕೊಳ್ಳುತ್ತಿದ್ದೆ. ಆ ಕ್ಷಣಕ್ಕೆ ಅದರಷ್ಟು ಹಿತವಾದದ್ದು ಬೇರೊಂದಿಲ್ಲ, ಆದರೆ ಅರ್ಧ ಗಂಟೆಯೊಳಗೆ ಚರ್ಮ ಬಿಗಿದು ಉರಿಯತೊಡಗುತ್ತಿತ್ತು. ಈಗ ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಮಾತ್ರ. ಸೋಪನ್ನು ಕಂಕುಳು, ತೊಡೆಸಂದುಗಳಿಗಷ್ಟೇ ಬಳಸುತ್ತೇನೆ. ಟವೆಲಿನಿಂದ ಉಜ್ಜದೆ ನೀರನ್ನು ಒತ್ತಿ ತೆಗೆದು, ಮೈ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪನೆಯ ಮಾಯಿಶ್ಚರೈಸರನ್ನೋ ಹಚ್ಚುತ್ತೇನೆ, ಮಲಗುವ ಮುನ್ನ ಮತ್ತೊಮ್ಮೆ. ಇದನ್ನು ನವೆ ಇಲ್ಲದ ದಿನವೂ ಬಿಡಬಾರದು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ಚಳಿಯಲ್ಲಂತೂ ಬಿಡಲೇಬಾರದು. ಮೈಯೆಲ್ಲ ಇಸುಬಿರುವವರಿಗೆ ವಾರಕ್ಕೆ 250 ಗ್ರಾಂ ಆದರೂ ಬೇಕಾಗುತ್ತದೆ ಎಂದರೆ ನಾವು ಎಷ್ಟು ಜಿಪುಣತನದಿಂದ ಹಚ್ಚುತ್ತೇವೆ ಎಂಬುದು ನಿಮಗೇ ತಿಳಿದೀತು.

ಇನ್ನು ಮುಲಾಮಿನ ಮಾತು. ನಿಮ್ಮದು ಮೆಡಿಕಲ್ ಸ್ಟೋರಿನವರು ಕೇಳಿದ ಕೂಡಲೇ ಕೊಟ್ಟ, ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ಆಗಿದ್ದರೆ ದಯವಿಟ್ಟು ಅದನ್ನು ವೈದ್ಯರಿಗೆ ತೋರಿಸಿ. ಅಂಥವುಗಳಲ್ಲಿ ಹೆಚ್ಚಾಗಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ, ಹುಳುಕಡ್ಡಿಯಿದ್ದರೆ ಅದು ಗುರುತೇ ಸಿಗದಂತೆ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದ್ದೂ ಈ ಕಾರಣಕ್ಕೇ. ಹಾಗೆಂದು ಸ್ಟೀರಾಯ್ಡಿಗೆ ಹೆದರಿ ಅರೆಮನಸ್ಸಿನಿಂದ ಸವರುವುದೂ ತಪ್ಪು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕೆಂಪು ಪೂರ್ತಿ ಇಳಿದ ಮೇಲೆ ಒಮ್ಮೆಲೇ ನಿಲ್ಲಿಸದೆ, ಪದೇ ಪದೇ ಕೆರಳುವ ಜಾಗಕ್ಕೆ ವಾರಕ್ಕೆ ಎರಡು ದಿನ ಹಚ್ಚುವ ಕ್ರಮವನ್ನು ನನ್ನ ವೈದ್ಯರು ಹೇಳಿಕೊಟ್ಟರು. ಹತ್ತು ದಿನಕ್ಕೆ ಮರಳುವ ನಿಮ್ಮ ತೊಂದರೆಗೂ ಇದು ಹೊಂದೀತೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಬದನೆಕಾಯಿ ನಂಜು ಎಂದು ಎರಡು ವರ್ಷ ನಾನೂ ಬಿಟ್ಟಿದ್ದೆ, ಕುಂಬಳಕಾಯಿ, ಮೀನನ್ನೂ ಬಿಟ್ಟಿದ್ದೆ. ಇಸುಬು ಕದಲಲಿಲ್ಲ. ಒಂದು ಪದಾರ್ಥ ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದುವುದು, ಮೈಮೇಲೆ ದದ್ದು ಏಳುವುದು ಕಂಡರೆ ಅದನ್ನು ಬಿಡಲೇಬೇಕು. ಇಲ್ಲದಿದ್ದರೆ ದೊಡ್ಡವರ ಇಸುಬಿಗೆ ಊಟವೇ ಮೂಲವಾಗಿರುವುದು ಕಡಿಮೆ. ನನಗೆ ಕೆರಳಿಸುವುದು ಗದ್ದೆಯ ಬದುವಿನ ಕಾಂಗ್ರೆಸ್ ಗಿಡ, ಕಬ್ಬಿನ ತರಗು, ಬೆವರು. ತುಂಬು ತೋಳಿನ ಹತ್ತಿ ಅಂಗಿ ತೊಟ್ಟು ಹೋಗಿ, ಬಂದ ಕೂಡಲೇ ಮೈ ತೊಳೆದುಕೊಳ್ಳುತ್ತೇನೆ. ರಾತ್ರಿ ನವೆ ತಡೆಯಲಾಗದಿದ್ದರೆ ಉಗುರು ತಾಗಿಸದೆ, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡನ್ನು ಹರಡಿಗೆ ಸುತ್ತಿ ಹತ್ತು ನಿಮಿಷ ಇಟ್ಟು, ಮತ್ತೆ ಜೆಲ್ಲಿ ಸವರುತ್ತೇನೆ.

ಮನೆಯಲ್ಲಿ ಇತರರಿಗೂ ರಾತ್ರಿ ಹೊತ್ತೇ ತುರಿಕೆ ಹೆಚ್ಚಾಗುತ್ತಿದೆಯೇ ಎಂದು ವಿಚಾರಿಸಿ; ಹಾಗಿದ್ದರೆ ಅದು ಕಜ್ಜಿಯಿರಬಹುದು, ಅದಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಹಚ್ಚಬೇಕು. ಕೀವು, ಜ್ವರ ಕಾಣಿಸಿದರೆ ಕಾಯಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.