ಮಾನಸಿಕ ಕಾಯಿಲೆ ಇರುವವರ ಸಣ್ಣ ವಸತಿ ಕೇಂದ್ರ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ?

ಅಲ್ಲಿರುವವರು ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ಮೊದಲು ನೋಡಿ, ಕಟ್ಟಡ ಆಮೇಲೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಯಾರೂ ಮಾತಾಡದಿದ್ದರೂ ಕಿವಿಗೆ ಕೇಳಿಸುವ ದನಿಗಳು, ಅನುಮಾನ ಸಾಮಾನ್ಯವಾಗಿ ಮಾತ್ರೆಗೆ ತಗ್ಗುತ್ತವೆ. ಕುಂದಿದ ಉತ್ಸಾಹ ಮಾತ್ರ ಅಷ್ಟು ಸುಲಭವಾಗಿ ಮರಳುವುದಿಲ್ಲ. ಅದಕ್ಕೆ ದಿನದಿನದ ರೂಢಿ ಬೇಕು. ಎಲ್ಲವನ್ನೂ ಸಿಬ್ಬಂದಿಯೇ ಮಾಡಿಕೊಟ್ಟರೆ ಇದ್ದ ಅಭ್ಯಾಸವೂ ತಪ್ಪಿಹೋಗುತ್ತದೆ. ಒಳ್ಳೆಯ ಕಡೆ ಒಬ್ಬರು ಸೊಪ್ಪು ಸೋಸುತ್ತಿರುತ್ತಾರೆ, ಇನ್ನೊಬ್ಬರು ಅಂಗಡಿಯಿಂದ ಹಾಲು ತಂದು ಚಿಲ್ಲರೆ ಎಣಿಸುತ್ತಿರುತ್ತಾರೆ. ಬಲವಂತ ಮಾತ್ರ ಕೂಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಒತ್ತಾಯದ ದುಡಿಮೆ, ಕಡ್ಡಾಯ ಸಮವಸ್ತ್ರ, ಬಲವಂತವಾಗಿ ತಲೆ ಬೋಳಿಸುವುದು ಯಾವುದೂ ಸಲ್ಲದು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರವನ್ನೂ ಕೇಳಿ. ಎಲ್ಲರ ತಲೆಯೂ ಬೋಳಾಗಿರುವ ಕಡೆ ನಾನಂತೂ ನಮ್ಮವರನ್ನು ಬಿಡುವುದಿಲ್ಲ.