ಲೈನ್‌ಗಿಂತ ಜಾಸ್ತಿ ಮನೆಗಳಿಗೆ ಇಂಟರ್ನೆಟ್ ಮಾರಿದರೆ ಮೋಸವಾ?

200 ಎಂಬಿಪಿಎಸ್ (ಇಂಟರ್ನೆಟ್ ವೇಗದ ಅಳತೆ) ಲೈನ್ ಇಟ್ಟುಕೊಂಡು 300 ಮನೆಗೆ ಕನೆಕ್ಷನ್ ಕೊಡೋಣ ಅಂತ ಪಾರ್ಟ್ನರ್ ಹೇಳುತ್ತಾರೆ, ಇದು ಮೋಸವಾ ಅಂತ ಕೇಳಿದ್ದೀರಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾನೂ ಅದನ್ನೇ ಮಾಡಿದವನು.

ನನ್ನದೂ 200ರ ಲೈನ್, ಮನೆಗೆ 10 ಎಂಬಿಪಿಎಸ್ ಪ್ಲಾನ್. ನೇರ ಲೆಕ್ಕದಲ್ಲಿ 20 ಮನೆಗೆ ಸಾಕು. 90 ಮನೆಗೆ ಕೊಟ್ಟೆ, ಯಾರದ್ದೂ ತಕರಾರಿಲ್ಲ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಅಲ್ವಾ? ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2009ರ ಮಾರ್ಗಸೂಚಿಯಲ್ಲೇ ಮನೆ ಕನೆಕ್ಷನ್‌ಗೆ 1:50ರವರೆಗೆ, ಅಂದರೆ ಒಂದು ಮನೆಗೆ ಸಾಕಾಗುವ ವೇಗವನ್ನು 50 ಮನೆಗೆ, ಹಂಚಬಹುದು ಅಂತಿತ್ತು. ನನ್ನದು 1:5 ಕೂಡ ಆಗಿರಲಿಲ್ಲ.

2020ರಲ್ಲಿ ಲಾಕ್‌ಡೌನ್ ಬಂತು. ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ತೋಟದ ಮನೆಗೆ ಬಂದು ಕೂತರು. ಜೂನ್ 1ಕ್ಕೆ ಕೇರಳದಲ್ಲಿ ಆನ್‌ಲೈನ್ ಕ್ಲಾಸ್ ಶುರು. ನೋಡುತ್ತಿದ್ದಂತೆ 240 ಮನೆ ಆಯಿತು.

ನಾನು ಕೆಟ್ಟದ್ದು ಇಲ್ಲಿ. ದಿನಾ ಬೆಳಿಗ್ಗೆ ಗ್ರಾಫ್‌ನಲ್ಲಿ ಲೈನ್ ಎಷ್ಟು ಬಳಕೆಯಾಗಿದೆ ಅಂತ 24 ಗಂಟೆಯ ಸರಾಸರಿ ನೋಡುತ್ತಿದ್ದೆ. 80, 90 ಎಂಬಿಪಿಎಸ್ ಇರುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ ಅಂತ ಖುಷಿ. ಆದರೆ ಆ ಸರಾಸರಿಯಲ್ಲಿ ಊರೆಲ್ಲ ಮಲಗಿದ ರಾತ್ರಿ ಎರಡು ಗಂಟೆಯೂ ಸೇರಿದೆ! ನೋಡಬೇಕಿದ್ದದ್ದು ಸಂಜೆ 7ರಿಂದ 10. ಅಲ್ಲಿ ಗೆರೆ 200ಕ್ಕೆ ಏರಿ ಮೇಜಿನ ಹಾಗೆ ಚಪ್ಪಟೆಯಾಗಿತ್ತು. ಗೆರೆ ಚೂಪಾಗಿ ಏರಿ ಇಳಿದರೆ ಕೇಳಿದವರಿಗೆಲ್ಲ ಸಿಕ್ಕಿದೆ ಅಂತ. ಚಪ್ಪಟೆ ಅಂದರೆ ಲೈನ್ ತುಂಬಿದೆ. ಇನ್ನೆಷ್ಟು ಮನೆ ಕಾಯುತ್ತಿದೆ ಅಂತ ಗ್ರಾಫ್ ಹೇಳುವುದೇ ಇಲ್ಲ. ಒಳ್ಳೆ ವಿಡಿಯೋಗೆ 5 ಎಂಬಿಪಿಎಸ್ ಬೇಕು. 40 ಮನೆಯಲ್ಲಿ ಸಿನಿಮಾ ಹಾಕಿದರೆ ಮುಗಿಯಿತು. 1:50 ಅನ್ನುವುದು ಇಷ್ಟೊಂದು ವಿಡಿಯೋ ನೋಡದ ಕಾಲದ ಲೆಕ್ಕ.

ನಮ್ಮ ಕನ್ನಡ ಶಾಲೆಯ ಮಾಸ್ಟ್ರೊಬ್ಬರು ಸಂಜೆ 7ಕ್ಕೇ ಕ್ಲಾಸ್ ಇಡುತ್ತಿದ್ದರು. ಮಕ್ಕಳ ಮನೆಯ ಒಂದೇ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಆಗಲೇ ವಾಪಸ್ ಬರುವುದು. "ತಮ್ಮಾ, ನನ್ನ ಸ್ವರ ತುಂಡು ತುಂಡಾಗ್ತದಂತೆ" ಅಂತ ಫೋನ್ ಮಾಡಿದರು. "ರೌಟರ್ ಆಫ್ ಮಾಡಿ ಆನ್ ಮಾಡಿ ಮಾಸ್ಟ್ರೆ" ಅಂದೆ. ಆ ಹೊತ್ತಿಗೆ ಚಪ್ಪಟೆ ಗೆರೆ ನನ್ನ ಎದುರೇ ಇತ್ತು. ಅದೇ ವಾರ 11 ಹೊಸ ಕನೆಕ್ಷನ್‌ಗೆ ಅಡ್ವಾನ್ಸ್ ತಗೊಂಡೆ.

ಜಾಸ್ತಿ ಮಾರುವುದು ಮೋಸ ಅಲ್ಲ. ಹಾಗೆ ಮಾರದೆ ಹಳ್ಳಿಯಲ್ಲಿ 500 ರೂಪಾಯಿಗೆ ನೆಟ್ ಕೊಡಲು ಯಾರಿಂದಲೂ ಆಗದು. ನಾನು ಆ 11 ಮನೆಯಿಂದ ಹಣ ತಗೊಂಡದ್ದು ಮೋಸ. ತಪ್ಪನ್ನು ಮಾಸ್ಟ್ರ ರೌಟರ್ ಮೇಲೆ ಹಾಕಿದ್ದು ಅದಕ್ಕಿಂತ ದೊಡ್ಡದು. 300 ಸರಿಯಾ ಅಂತ ನನ್ನನ್ನು ಕೇಳಬೇಡಿ, ಸಂಜೆಯ ಗ್ರಾಫ್ ನೋಡಿ. ಬಳಕೆ ಲೈನ್‌ನ 70 ಪರ್ಸೆಂಟ್ ದಾಟಿದರೆ ಲೈನ್ ದೊಡ್ಡದು ಮಾಡಿ, ಇಲ್ಲವಾದರೆ "ಈಗ ಕನೆಕ್ಷನ್ ಇಲ್ಲ" ಅನ್ನಿ. ಪಾರ್ಟ್ನರ್ ಒಪ್ಪದಿದ್ದರೆ ಕಂಪ್ಲೇಂಟ್ ಫೋನನ್ನು ಒಂದು ವಾರ ಸಂಜೆ ಅವರ ಕೈಗೇ ಕೊಡಿ.

ಆಮೇಲೆ ನಾನು ಲೈನ್ ಹೆಚ್ಚಿಸಿದೆ, ಮಾಸ್ಟ್ರಿಗೆ ಎರಡು ತಿಂಗಳ ಹಣ ವಾಪಸ್ ಕೊಟ್ಟೆ. ತಗೊಂಡರು, ಚಹಾ ಕೊಟ್ಟರು. ಗೋಡೆ ಮೇಲೆ ಬೇರೆ ಕಂಪನಿಯವರ ರೌಟರ್‌ನ ಲೈಟ್ ಉರಿಯುತ್ತಿತ್ತು.